ನನ್ನ ತೋಳಿನ ಅಳತೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ನಾನು ಮದುವೆಯನ್ನೂ ಮಾಡಿಕೊಂಡಿದ್ದೇನೆ, ಮೆಲ್ಬೋರ್ನಿನ ವಿಂಡಮ್ ವೇಲ್‌ನಲ್ಲಿ ಮನೆಯನ್ನೂ ಕಟ್ಟಿಸಿದ್ದೇನೆ. ಎರಡಕ್ಕೂ ಸೇರಿ ಬಂದ ಬುದ್ಧಿಮಾತಿಗಿಂತ ಹೆಚ್ಚು ಬುದ್ಧಿಮಾತು ಒಂದು ರೈಫಲ್ ಮಾಡಿಸಿಕೊಳ್ಳುತ್ತೇನೆ ಎಂದಾಗ ಬಂತು. ಕೊಂಡುಕೋ ಎಂದರು ಎಲ್ಲರೂ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದಾರಲ್ಲ, ಒಂದನ್ನು ಎತ್ತಿಕೊಂಡು ಬಾ ಎಂದರು. ಎತ್ತಿಕೊಂಡು ಬರುವವಳು ನಾನಲ್ಲ.

ಮೊದಲೇ ಹೇಳಿಬಿಡುತ್ತೇನೆ. ಆ ರೈಫಲ್ ಈಗ ನನ್ನ ಬಳಿ ಇಲ್ಲ. ತೊಂಬತ್ತಾರರಲ್ಲಿ ಟಾಸ್ಮೇನಿಯಾದಲ್ಲಿ ಒಬ್ಬ ಮೂವತ್ತೈದು ಜನರನ್ನು ಗುಂಡಿಟ್ಟು ಕೊಂದ ಘೋರ ನಡೆದ ಮೇಲೆ ಆ ಜಾತಿಯ ಸೆಮಿ ಆಟೊಮ್ಯಾಟಿಕ್ ರೈಫಲ್ಲುಗಳನ್ನೆಲ್ಲ ಒಪ್ಪಿಸಬೇಕೆಂದು ಕಾನೂನು ಬಂತು, ಒಪ್ಪಿಸಿದೆ. ಕಾನೂನು ಸರಿಯಾಗಿಯೇ ಇತ್ತು, ಅದರ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ಅದಕ್ಕೆ ಮೂರು ವರ್ಷ ಮುಂಚೆ ನನಗೆ ಮಕ್ಕಳ ರೈಫಲ್ ಸಾಕು ಎಂದವರ ಮೇಲೆ.

ನನ್ನ ಹೆಸರು ಭಾಗೀರಥಿ. ಮೈಸೂರಿನವಳು. ತೊಂಬತ್ಮೂರರಲ್ಲಿ ನನಗೆ ನಲವತ್ಮೂರು ವರ್ಷ. ಎತ್ತರ ನಾಲ್ಕು ಅಡಿ ಹತ್ತೂವರೆ ಇಂಚು. ಆ ಅರ್ಧ ಇಂಚನ್ನು ಇದುವರೆಗೆ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಸೇರಿದ್ದೆ. ಖಾಕಿ ಬಟ್ಟೆ ಹಾಕಿಕೊಂಡು ಹೊಟ್ಟೆಯ ಮೇಲೆ ಮಲಗಿ ಗುರಿ ಹೊಡೆಯುವುದರಲ್ಲಿ ನಮ್ಮ ಬೆಟಾಲಿಯನ್ನಿಗೇ ಮೊದಲು ಬಂದೆ. ದಿಲ್ಲಿಯ ಕ್ಯಾಂಪಿಗೆ ಹೆಸರು ಹೋಯಿತು. ನಮ್ಮಪ್ಪ ಕಾಗದ ಓದಿ ಮಡಿಸಿ ಜೇಬಿಗಿಟ್ಟುಕೊಂಡು, “ಹೆಣ್ಮಗು ಬಂದೂಕ ಹೊತ್ಕೊಂಡು ದಿಲ್ಲಿಗೆ ಹೋದ್ರೆ, ಆಮೇಲೆ ಈ ಮನೆಗೆ ಹೆಣ್ಣು ನೋಡೋಕೆ ಯಾರು ಬರ್ತಾರೆ?” ಎಂದರು. ನಾನು ಹೋಗಲಿಲ್ಲ. ಆಗ ಜಗಳ ಆಡುವುದು ನನಗೆ ಬರುತ್ತಿರಲಿಲ್ಲ. ಆಮೇಲೆ ಕಲಿತೆ.

ಈ ದೇಶಕ್ಕೆ ಬರುವ ಮುಂಚೆ ಬೆಂಗಳೂರಿನ ವಾಚ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದೆ. ಎಂಬತ್ತೇಳರಲ್ಲಿ ಸಿಡ್ನಿಗೆ ಬಂದಾಗ ಅಲ್ಲಿನವರು ನನ್ನ ಸರ್ಟಿಫಿಕೇಟು ನೋಡಿ ನಕ್ಕು, ಒಂದು ಫ್ಯಾಕ್ಟರಿಯಲ್ಲಿ ಸ್ವಿಚ್ಚಿಗೆ ಸ್ಕ್ರೂ ಬಿಗಿಯಲು ಕೂರಿಸಿದರು. ದಿನಕ್ಕೆ ಎರಡು ಸಾವಿರ ಸ್ಕ್ರೂ. ಮೂರು ವರ್ಷಕ್ಕೆ ಬಲಗೈ ಮಣಿಕಟ್ಟು ಹಾಳಾಯಿತು. ಕಂಪನಿಯ ಡಾಕ್ಟರು ನೋವು ಕೈಯಲ್ಲಿಲ್ಲ, ತಲೆಯಲ್ಲಿದೆ ಎಂದ. ತಲೆಯಲ್ಲಿ ಇದ್ದದ್ದು ನೋವಲ್ಲ, ಅವನಿಗೆ ಕೊಡಬೇಕೆಂದುಕೊಂಡ ಬೈಗುಳ. ತೊಂಬತ್ತೊಂದರಲ್ಲಿ ನನ್ನ ಯಜಮಾನರಿಗೆ ಮೆಲ್ಬೋರ್ನಿನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಮಗಳು ಯೂನಿವರ್ಸಿಟಿ ಓದಲು ಸಿಡ್ನಿಯಲ್ಲೇ ಉಳಿದಳು.

ಯಜಮಾನರ ಹೆಸರು ಲಕ್ಷ್ಮೀಶ. ಎಂಜಿನಿಯರು. ಒಳ್ಳೆಯ ಮನುಷ್ಯ, ಆದರೆ ಯಾರಾದರೂ ಹೊಗಳಿದರೆ ಬೇಡ ಎನ್ನುವ ಅಭ್ಯಾಸವಿಲ್ಲ. ಹೊಗಳಿಕೆ ಯಾರದ್ದು ಎಂದು ವಿಚಾರಿಸುವ ಅಭ್ಯಾಸವೂ ಇಲ್ಲ.

ಎರಡು ಮನೆ ಆಚೆ ಜಾಕೊಬ್ ಇದ್ದರು. ಬಜ್ಪೆ ಕಡೆಯ ಕೊಂಕಣಿ ಕ್ಯಾಥೊಲಿಕರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೆಲಸ. ಊರಲ್ಲಿ ಅವರ ಮನೆಗೆ ಕಾಡುಹಂದಿ ಕಾಟಕ್ಕೆ ಲೈಸೆನ್ಸ್ ಕೋವಿ ಇತ್ತಂತೆ. “ಎಂತ ಹೇಳುದು ಮೇಡಮ್, ಎಲೆಕ್ಷನ್ ಬಂದ್ರೆ ಕಳ್ಳರಿಗಿಂತ ಮೊದ್ಲು ನಮ್ಮ ಕೋವಿಯನ್ನು ಸ್ಟೇಷನ್ನಿಗೆ ಹಾಕ್ತಾರೆ” ಎಂದು ನಗುತ್ತಿದ್ದರು. ಅವರೇ ನನ್ನನ್ನು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದದ್ದು.

ಆ ಕ್ಲಬ್ಬಿನಲ್ಲಿ ಗಂಡಸರು ಮೆಂಬರು, ಹೆಂಗಸರು ‘ಅಸೋಸಿಯೇಟು’. ಅಸೋಸಿಯೇಟು ಎಂದರೆ ಶನಿವಾರ ಸ್ಯಾಂಡ್‌ವಿಚ್ ಕೊಯ್ಯುವವಳು. ಹೆಂಗಸು ಪೂರ್ತಿ ಮೆಂಬರಾಗಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ನಾನು ಕೇಳಿದೆ. ಸೆಕ್ರೆಟರಿ ರೂಲ್ ಪುಸ್ತಕ ತಿರುವಿದ. ಅರವತ್ತು ದಾಟಿದ ಮನುಷ್ಯ, ವರ್ಷಾನುಗಟ್ಟಲೆ ಗುಂಡಿನ ಸದ್ದು ಕೇಳಿ ಕಿವಿ ಅರ್ಧ ಹೋಗಿತ್ತು. ಸ್ವಂತ ರೈಫಲ್ ಇರಬೇಕು, ವಸಂತದ ಶೂಟಿನಲ್ಲಿ ಇಪ್ಪತ್ತು ಗುಂಡಿಗೆ ಇನ್ನೂರರಲ್ಲಿ ನೂರ ಎಪ್ಪತ್ತು ಪಾಯಿಂಟು ಬರಬೇಕು, ಎಂದು ಓದಿದ. ಒಂದೇ ಅವಕಾಶ. ತಪ್ಪಿದರೆ ಎರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಆಗ ಜುಲೈ. ಶೂಟು ಅಕ್ಟೋಬರ್ ಇಪ್ಪತ್ಮೂರು, ಶನಿವಾರ.

ನಮ್ಮಪ್ಪ ಜೇಬಿಗಿಟ್ಟುಕೊಂಡ ಕಾಗದ ಇಪ್ಪತ್ನಾಲ್ಕು ವರ್ಷ ಆದ ಮೇಲೆ ವಾಪಸು ಬಂದಂತಾಯಿತು ನನಗೆ. ಈ ಸಲ ಬಿಡುವುದಿಲ್ಲ ಎಂದುಕೊಂಡೆ.

ಲೈಸೆನ್ಸಿನ ಪರೀಕ್ಷೆ ಪಾಸು ಮಾಡಿ, ಲಕ್ಷ್ಮೀಶರನ್ನೂ ಜಾಕೊಬರನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ನನಗೆ ಬೇಕಾದದ್ದು ಸೆಮಿ ಆಟೊಮ್ಯಾಟಿಕ್, ಸಣ್ಣ ಗುಂಡಿನದು, ಕಲಿಯುವವರ ದರ್ಜೆಯದು. ಎನ್‌ಸಿಸಿಯ ಹಳೇ ರೈಫಲ್ಲಿನಲ್ಲಿ ಪ್ರತಿ ಗುಂಡಿಗೂ ಮಣಿಕಟ್ಟು ತಿರುಗಿಸಿ ಬೋಲ್ಟು ಎಳೆಯಬೇಕು. ನನ್ನ ಮಣಿಕಟ್ಟು ನಾಲ್ಕನೇ ಗುಂಡಿಗೇ ಅಳುತ್ತದೆ. ಇದರಲ್ಲಿ ಒಂದು ಗುಂಡು ಹೋದ ಮೇಲೆ ಮುಂದಿನದು ತಾನೇ ಬಂದು ಕೂರುತ್ತದೆ. ಬೆರಳು ಒತ್ತಿದರೆ ಸಾಕು. ಆಗಿನ ಕಾನೂನಿಗೆ ಅದು ನಡೆಯುತ್ತಿತ್ತು.

ಅಂಗಡಿಯವನು ಆರಡಿ ಆಳು, ಬಹಳ ಮರ್ಯಾದಸ್ಥ. ಒಂದನ್ನು ಕೈಗೆ ಕೊಟ್ಟ. ಹೆಗಲಿಗೆ ಆನಿಸಿಕೊಂಡರೆ ಬೆರಳು ಕುದುರೆಗೆ, ಅಂದರೆ ಟ್ರಿಗರಿಗೆ, ಎಟುಕಲಿಲ್ಲ. ಇನ್ನೊಂದು ಕೊಟ್ಟ, ಅದೂ ಅಷ್ಟೆ. ಮೂರನೆಯದಕ್ಕೆ ಅವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಬಗ್ಗಿ ಕೆಳಗಿನ ಶೆಲ್ಫಿನಿಂದ ಒಂದು ಬಣ್ಣದ ಡಬ್ಬ ತೆಗೆದ. ಡಬ್ಬದ ಮೇಲೆ ಹಲ್ಲು ಬಿದ್ದ ಹುಡುಗನೊಬ್ಬ ಅವರಪ್ಪನ ಪಕ್ಕ ನಿಂತು ನಗುತ್ತಿದ್ದ. ‘ಯೂತ್ ಮಾಡೆಲ್’. ಹತ್ತರಿಂದ ಹದಿನಾಲ್ಕು ವರ್ಷದವರಿಗೆ.

“ನನ್ನ ಮಗಳು ಹನ್ನೊಂದು ವರ್ಷದವಳಿದ್ದಾಗ ಇದನ್ನೇ ಬಳಸುತ್ತಿದ್ದಳು. ನಿಮಗೆ ಸರಿಯಾಗುತ್ತೆ” ಎಂದ.

“ಪರ್ಫೆಕ್ಟ್!” ಎಂದರು ಲಕ್ಷ್ಮೀಶ. “ಪ್ಯಾಕ್ ಮಾಡಿಸಿಬಿಡೋಣ ಭಾಗೀ.”

ನಿಜ ಹೇಳಬೇಕೆಂದರೆ ಅದು ತೋಳಿಗೆ ಸರಿಯಾಗುತ್ತಿತ್ತು. ಆದರೆ ಕೆನ್ನೆ ಆನಿಸಲು ಹೋದರೆ ಕುತ್ತಿಗೆಯನ್ನು ಕೊಕ್ಕರೆಯ ಹಾಗೆ ಬಗ್ಗಿಸಬೇಕಿತ್ತು. ಹನ್ನೊಂದು ವರ್ಷದ ಹುಡುಗಿಯ ಕುತ್ತಿಗೆ ಬೇರೆ, ನನ್ನದು ಬೇರೆ. ಗಿಡ್ಡ ಹೆಂಗಸು ಎಂದರೆ ದೊಡ್ಡ ಮಗು ಎಂದಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರೇ ಬಂತು. ಅದನ್ನು ಯಾರಿಗೂ ತೋರಿಸದೆ ಡಬ್ಬದ ಮುಚ್ಚಳ ಹಾಕಿ ಅವನ ಕಡೆಗೆ ನೂಕಿದೆ.

“ಡಬ್ಬದ ಮೇಲಿರೋ ಮಗೂಗೇ ಕೊಡಿ” ಎಂದೆ.

ಜಾಕೊಬ್ ನನ್ನ ಮುಖ ನೋಡಿದರು. “ಹಿಂದೆ ಶೆಡ್ಡಿನಲ್ಲಿ ಒಬ್ಬ ಅಜ್ಜ ಉಂಟು ಮೇಡಮ್, ರಿಪೇರಿ ಮಾಡುವವ. ಒಮ್ಮೆ ಮಾತಾಡಿ ನೋಡುವಾ” ಎಂದರು.

ಆ ಅಜ್ಜ ಮಾಲ್ಟಾ ದೇಶದವನು. ಲೈಸೆನ್ಸ್ ಇರುವ ಬಂದೂಕು ರಿಪೇರಿಯವನು, ಮೂಗಿನ ತುದಿಗೆ ಕನ್ನಡಕ. ನನ್ನ ಎತ್ತರ ನೋಡಿ ನಗಲಿಲ್ಲ. ನನ್ನ ಕೈ ನೋಡಿ, ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳಿದ. ವಾಚು ಎಂದೆ. ಒಳಗೆ ಹೋಗಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಒಂದನ್ನು ತಂದ. ಯಾರೋ ಕೆಳಕ್ಕೆ ಬೀಳಿಸಿ ಮರವೆಲ್ಲ ಸೀಳಿಹೋದ ರೈಫಲ್ಲಿನ ಕಬ್ಬಿಣದ ಭಾಗ, ಕಬ್ಬಿಣ ಗಟ್ಟಿಮುಟ್ಟಾಗಿತ್ತು. ಹೆಗಲಿಗೆ ಆನುವ ಮರದ ಭಾಗಕ್ಕೆ ಸ್ಟಾಕ್ ಅನ್ನುತ್ತಾರೆ. ಗುರಿ ನಿಲ್ಲುವುದೂ ಹಾಳಾಗುವುದೂ ಅದರ ಮೇಲೆ.

“ಕಬ್ಬಿಣ ಮುಟ್ಟೋದು ನನ್ನ ಲೈಸೆನ್ಸು. ಪೇಪರು, ಪೊಲೀಸು ಎಲ್ಲ ನಾನು ನೋಡ್ಕೋತೀನಿ. ಮರ ನೀವು ಮಾಡಿ. ಕೆಟ್ಟರೆ ನನ್ನನ್ನ ಬೈಯಬೇಡಿ” ಎಂದ.

ಮನೆಗೆ ಬರುವ ದಾರಿಯುದ್ದಕ್ಕೂ ಲಕ್ಷ್ಮೀಶ ಸ್ಟೀರಿಂಗಿಗೆ ಬುದ್ಧಿ ಹೇಳಿದರು. “ರೆಡಿಮೇಡ್ ಸಿಗ್ತಿದೆ, ಗ್ಯಾರಂಟಿ ಇದೆ. ನಾಳೆಯಿಂದ್ಲೇ ಪ್ರಾಕ್ಟೀಸ್ ಮಾಡ್ಬಹುದು. ಅದು ಬಿಟ್ಟು ಕಟ್ಟಿಗೆ ಕೆತ್ತಿಕೊಂಡು ಕೂತ್ಕೋತೀನಿ ಅಂದ್ರೆ? ಒಂದೇ ಚಾನ್ಸ್ ಇರೋದು ಭಾಗೀ. ಕೆತ್ತಿದ್ದು ಸರಿಹೋಗದಿದ್ರೆ ಎರಡು ವರ್ಷ ಮನೇಲಿ ಕೂತ್ಕೋಬೇಕು.”

“ಸರಿಹೋಗುತ್ತೆ.”

“ಮಗೂದು ಅಂತ ಡಬ್ಬದ ಮೇಲೆ ತಾನೇ ಬರೆದಿರೋದು? ರೈಫಲ್ ಮೇಲೆ ಬರೆದಿಲ್ವಲ್ಲ.”

“ನೀವು ಆಫೀಸಿಗೆ ಸ್ಕೂಲ್ ಚಡ್ಡಿ ಹಾಕ್ಕೊಂಡು ಹೋಗ್ತೀರಾ? ಅದ್ರ ಮೇಲೂ ಏನೂ ಬರೆದಿರಲ್ಲ.”

ಅವರು ಗೇರು ಬದಲಿಸಿದರು. ಆದರೆ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂಬುದು ನನಗೆ ಗೊತ್ತಿತ್ತು. ಕೊಂಡರೆ ಕುತ್ತಿಗೆ ನೋಯಿಸಿಕೊಂಡಾದರೂ ನೂರ ಎಪ್ಪತ್ತು ಮುಟ್ಟಬಹುದು. ಮಾಡಲು ಹೋದರೆ ಎಲ್ಲವೂ ಹೋಗಬಹುದು. ಮಾಡುತ್ತೇನೆ ಎಂದು ನಿಶ್ಚಯಿಸಿದ ದಿನ ನನಗೆ ಭಯವಿತ್ತು. ಭಯವಿದ್ದಾಗ ನಾನು ಇನ್ನೂ ಜೋರಾಗಿ ಮಾತಾಡುತ್ತೇನೆ.

ಮನೆಯಲ್ಲಿ ಇನ್ನೊಬ್ಬರಿದ್ದರು, ನಮ್ಮತ್ತೆ ಪುಟ್ಟಮ್ಮ. ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಗಂಡ ಮೈಸೂರು ನಂಜನಗೂಡು ಬಸ್ಸಿನ ಡ್ರೈವರಾಗಿದ್ದವರು, ತೀರಿಕೊಂಡು ಹತ್ತು ವರ್ಷವಾಗಿತ್ತು. ಅತ್ತೆಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ಎಸ್, ನೋ, ಹಸ್ಬೆಂಡ್, ಸನ್, ಮಿಲ್ಕ್. ವಿಷಯ ಕೇಳಿ ಅವರು ಹಣೆ ಚಚ್ಚಿಕೊಂಡರು.

“ಮನೆ ತುಂಬ ತರಕಾರಿ ಹೆಚ್ಚೋ ಮಿಷನ್ನು ತಂದಿಟ್ಟಿದ್ದೀಯ, ಅದ್ರ ಜೊತೆ ಬಂದೂಕ ಒಂದು ಕಮ್ಮಿ ಇತ್ತೇನೇ? ಯಾರನ್ನ ಹೊಡೀತೀಯ?”

“ಕಾಗದ ಹೊಡೀತೀನಿ ಅತ್ತೆ. ದುಂಡಗೆ ಗೆರೆ ಹಾಕಿರೋ ಕಾಗದ.”

“ಕಾಗದ ಹರಿಯೋಕೆ ಬಂದೂಕ ಬೇಕಾ?”

ನಾನು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಜಾಕೊಬ್ ಒಂದು ಒಣಗಿದ ವಾಲ್‌ನಟ್ ಮರದ ತುಂಡು ತಂದುಕೊಟ್ಟರು. ಕನ್ನಡಿಯ ಮುಂದೆ ನಿಂತು ಮೊಣಕೈಯಿಂದ ಬೆರಳಿನವರೆಗೆ, ಕೆನ್ನೆಯಿಂದ ಹೆಗಲಿನವರೆಗೆ ನನ್ನನ್ನೇ ಟೇಪಿನಲ್ಲಿ ಅಳೆದುಕೊಂಡೆ. ಬ್ಲೌಸಿಗೆ ಅಳತೆ ಕೊಡುವಾಗಲೂ ಇಷ್ಟು ಜತನ ಮಾಡಿದವಳಲ್ಲ. ಕತ್ತರಿಸಿದೆ, ಉಜ್ಜಿದೆ. ಮಣಿಕಟ್ಟು ನೊಂದರೆ ಎಡಗೈಯಲ್ಲಿ ಉಜ್ಜಿದೆ. ಅಜ್ಜನ ಶೆಡ್ಡಿಗೆ ವಾರಕ್ಕೆರಡು ಸಲ ಹೋಗಿ, ಅವನ ಕಣ್ಣೆದುರಿಗೇ ಕಬ್ಬಿಣವನ್ನು ಮರದಲ್ಲಿ ಕೂರಿಸಿ ನೋಡುತ್ತಿದ್ದೆ. ಮರಕ್ಕೂ ಕಬ್ಬಿಣಕ್ಕೂ ನಡುವೆ ಗಾಳಿಯೂ ಆಡಬಾರದು. ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಎಂದು ತಿಳಿಯಲು ಕಬ್ಬಿಣಕ್ಕೆ ತೆಳ್ಳಗೆ ಕಪ್ಪು ಹಚ್ಚಿ ಒತ್ತಬೇಕು. ಮರದಲ್ಲಿ ಕಪ್ಪು ಅಂಟಿದ ಕಡೆ ಮಾತ್ರ ಕೆರೆಯಬೇಕು. ಅಜ್ಜನ ಡಬ್ಬಿಯ ಕಪ್ಪು ದಪ್ಪಗಿತ್ತು, ಸುಳ್ಳು ಹೇಳುತ್ತಿತ್ತು. ನಾನು ಅತ್ತೆಯ ಕಾಡಿಗೆ ಡಬ್ಬಿ ಕದ್ದೆ.

ಹರಳೆಣ್ಣೆ ದೀಪದ ಹೊಗೆ ಹಿಡಿದು ಮನೆಯಲ್ಲೇ ಮಾಡಿದ ಕಾಡಿಗೆ. ಕಣ್ಣಿಗೆ ಹಚ್ಚುವುದಕ್ಕೆ ಮಾಡಿದ್ದು, ಅಷ್ಟು ನುಣುಪು. ಎಲ್ಲಿ ಕೂದಲೆಳೆ ತಾಗಿದರೂ ತೋರಿಸುತ್ತಿತ್ತು. ಅಜ್ಜ ಮೂಸಿ ನೋಡಿ, ಇದು ಯಾವ ಕಂಪನಿಯದು ಎಂದು ಕೇಳಿದ. ಮನೆಯದು ಎಂದೆ.

ಮೂರು ವಾರದಲ್ಲಿ ಡಬ್ಬಿ ಖಾಲಿಯಾಯಿತು. ಒಂದು ಸಂಜೆ ಅತ್ತೆ ಗ್ಯಾರೇಜಿಗೆ ಬಂದು, ಖಾಲಿ ಡಬ್ಬಿ ನೋಡಿ, ನನ್ನ ಕಪ್ಪು ಬೆರಳು ನೋಡಿ, ಬಾಗಿಲು ಎಳೆದುಕೊಂಡು ಹೋದರು. ಇವತ್ತು ಮಹಾಭಾರತ ಎಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಹೊಗೆಯ ಅಲಾರಂ ಕೂಗಿಕೊಂಡಿತು. ಓಡಿದೆ. ಅತ್ತೆ ಹರಳೆಣ್ಣೆ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಕೂತಿದ್ದರು. ಒಂದು ಕೈಯಲ್ಲಿ ಸೀರೆ ಸೆರಗಿನಿಂದ ಅಲಾರಮ್ಮಿಗೆ ಗಾಳಿ ಬೀಸುತ್ತಿದ್ದರು.

“ನಿಂತಿರೋದೇನು ನೋಡ್ತಾ? ಅದ್ರ ಬಾಯಿ ಮುಚ್ಚಿಸು” ಎಂದರು. ಸಂಜೆ ನನ್ನ ಬೆಂಚಿನ ಮೇಲೆ ತುಂಬಿದ ಡಬ್ಬಿ ಇತ್ತು.

ಸೆಪ್ಟೆಂಬರ್ ಕೊನೆಗೆ ಸ್ಟಾಕ್ ಮುಗಿಯಿತು. ಆಗ ನನ್ನ ದಡ್ಡತನ ಬಯಲಾಯಿತು. ನಾನು ಅಳತೆ ತೆಗೆದದ್ದು ಜುಲೈ ಚಳಿಯಲ್ಲಿ, ಅತ್ತೆ ಹೆಣೆದ ದಪ್ಪ ಸ್ವೆಟರಿನ ಮೇಲೆ. ಬಿಸಿಲು ಬಂದು ಸ್ವೆಟರು ಬಿಚ್ಚಿದ ಮೇಲೆ ಸ್ಟಾಕು ಗಿಡ್ಡವಾಗಿತ್ತು. ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು. ವಾಚ್ ಕಾರ್ಖಾನೆಯಲ್ಲಿ ಕೂದಲೆಳೆ ಹಿಡಿದವಳು ಉಣ್ಣೆ ಲೆಕ್ಕಕ್ಕೆ ತಗೊಳ್ಳಲಿಲ್ಲ! ಕತ್ತರಿಸಿದ ಮರ ಮತ್ತೆ ಬೆಳೆಯುವುದಿಲ್ಲ. ಆ ದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಗ್ಯಾರೇಜಿನಲ್ಲಿ ಕೂತು ಚೆನ್ನಾಗಿ ಅತ್ತುಬಿಟ್ಟೆ. ಆಮೇಲೆ ಲಕ್ಷ್ಮೀಶ ಬಂದು ನೋಡಿ, “ಆ ಯೂತ್ ಮಾಡೆಲ್ ಇನ್ನೂ ಅಂಗಡೀಲಿದೆ, ಫೋನ್ ಮಾಡಿ ಕೇಳಿದೆ” ಎಂದರು. ಅವರು ಹಾಗನ್ನದೇ ಇದ್ದಿದ್ದರೆ ನಾನು ಸೋಲುತ್ತಿದ್ದೆನೋ ಏನೋ.

ಬಚ್ಚಲುಮನೆಗೆಂದು ತಂದ ಹೊಸ ಹವಾಯಿ ಚಪ್ಪಲಿಯ ಜೋಡಿಯೊಂದು ಪೆಟ್ಟಿಗೆಯಲ್ಲಿತ್ತು. ಬಲಗಾಲಿನದರ ಅಟ್ಟೆಯನ್ನು ಸ್ಟಾಕಿನ ಹಿಂಭಾಗದ ಆಕಾರಕ್ಕೆ ಕೊಯ್ದು, ಅಂಟು ಹಾಕಿ, ಎರಡು ಸ್ಕ್ರೂ ಬಿಗಿದೆ. ಅಜ್ಜನ ಶೆಡ್ಡಿಗೆ ಹೋಗಿ ಕಬ್ಬಿಣ ಕೂರಿಸಿ ಹೆಗಲಿಗೆ ಆನಿಸಿದೆ. ಬೆರಳು ತಾನಾಗಿ ಕುದುರೆಗೆ ಹೋಯಿತು, ಕೆನ್ನೆ ತಾನಾಗಿ ಮರಕ್ಕೆ ಹೋಯಿತು. ಬಗ್ಗಲಿಲ್ಲ, ಎಟುಕಿಸಲಿಲ್ಲ. ಇಡೀ ಆಸ್ಟ್ರೇಲಿಯಾದಲ್ಲಿ ನನ್ನ ಅಳತೆಗೆ ಮಾಡಿದ್ದು ಎಂದರೆ ಅದೊಂದೇ ಇತ್ತು. ಅಡುಗೆಮನೆಯ ಕಟ್ಟೆಯೂ ನನಗೆ ಎತ್ತರ.

ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ಮೂರು ಶನಿವಾರ ಸಿಕ್ಕವು. ಒಂದು ಸಲ ನೂರ ಅರವತ್ನಾಲ್ಕು, ಒಂದು ಸಲ ನೂರ ಅರವತ್ತೊಂಬತ್ತು, ಒಂದು ಸಲ ಗಾಳಿ ಎದ್ದು ನೂರ ಐವತ್ತು. ನೂರ ಎಪ್ಪತ್ತು ಒಂದು ಸಲವೂ ಬರಲಿಲ್ಲ.

ಶೂಟಿನ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡಿದರೆ ನಡುಮನೆಯಲ್ಲಿ ಊದುಬತ್ತಿಯ ವಾಸನೆ. ಮೇಜಿನ ಮೇಲೆ ಸಾಲಾಗಿ ಈಳಿಗೆಮಣೆ, ಕತ್ತರಿ, ಲಕ್ಷ್ಮೀಶರ ಕ್ಯಾಲ್ಕುಲೇಟರು, ಕಾರಿನ ಕೀ, ತರಕಾರಿ ಹೆಚ್ಚುವ ಮಿಷನ್ನು, ಎಲ್ಲಕ್ಕೂ ಅರಿಸಿನ ಕುಂಕುಮ. ನಡುವೆ, ಹಿಂದಿನ ಸಂಜೆ ಅಜ್ಜ ಪರೀಕ್ಷಿಸಿ ಕೊಟ್ಟ ನನ್ನ ರೈಫಲ್. ಖಾಲಿ ಮಾಡಿ ಬೀಗ ಹಾಕಿ ಇಟ್ಟಿದ್ದನ್ನು ಬೆಳಿಗ್ಗೆ ಲಕ್ಷ್ಮೀಶರೇ ತೆಗೆದುಕೊಟ್ಟಿದ್ದರು. ಸ್ಟಾಕಿನ ಮೇಲೆ ಮೂರು ಬೆರಳಿನ ಕುಂಕುಮದ ಪಟ್ಟೆ, ಹಿತ್ತಲ ಚೆಂಡುಹೂವು. ಅಕ್ಟೋಬರ್ ಇಪ್ಪತ್ಮೂರು. ಆಯುಧಪೂಜೆ. ಪಂಚಾಂಗವನ್ನು ನಾನು ಮೂರು ತಿಂಗಳಿಂದ ತೆರೆದೇ ಇರಲಿಲ್ಲ.

ನಮ್ಮ ತವರುಮನೆಯಲ್ಲಿ ಪೂಜೆಗಿಟ್ಟ ಸಾಮಾನನ್ನು ಆ ದಿನ ಮುಟ್ಟುತ್ತಿರಲಿಲ್ಲ. ಪುಸ್ತಕ ಇಟ್ಟರೆ ಓದುವಂತಿಲ್ಲ, ಗರಗಸ ಇಟ್ಟರೆ ಕೊಯ್ಯುವಂತಿಲ್ಲ. ವಿಜಯದಶಮಿಯ ದಿನವೇ ಎತ್ತಿಕೊಳ್ಳಬೇಕು. ಅದು ನಾಳೆ. ಶೂಟು ಇವತ್ತು, ಹನ್ನೊಂದು ಗಂಟೆಗೆ.

ಲಕ್ಷ್ಮೀಶ ನನ್ನ ಮುಖ ನೋಡದೆ, “ಏನ್ ಮಾಡೋದು ಭಾಗೀ, ಪೂಜೆ ಆಗೋಯ್ತಲ್ಲ. ಕ್ಲಬ್ಬಲ್ಲಿ ಯೂತ್ ಮಾಡೆಲ್ ಒಂದಿದೆಯಂತೆ, ಅದರಲ್ಲೇ...” ಎಂದರು.

ನನಗೆ ಮೈಯೆಲ್ಲ ಉರಿಯಿತು. “ಅತ್ತೆ! ಬೇಕು ಅಂತಾನೇ ಮಾಡಿದ್ರಿ ಅಲ್ವಾ?”

ಅತ್ತೆ ಮಂಗಳಾರತಿ ತಟ್ಟೆ ಕೆಳಗಿಟ್ಟರು. “ಹೂಂ, ಬೇಕು ಅಂತಾನೇ ಮಾಡ್ದೆ.”

“ನಾನು ಗೆಲ್ಲಬಾರ್ದು ಅಂತ ತಾನೇ? ನಮ್ಮಪ್ಪ ಕಾಗದ ಮಡಚಿಟ್ರು, ನೀವು ಕುಂಕುಮ ಇಟ್ರಿ. ಇವತ್ತು ಅದನ್ನ ಮುಟ್ಟೋ ಹಾಗಿಲ್ಲ ಅಂತ ನಿಮಗೆ ಗೊತ್ತಿಲ್ವಾ?”

“ಯಾರ್ ಹೇಳಿದ್ದು ನಿಂಗೆ ಮುಟ್ಟೋ ಹಾಗಿಲ್ಲ ಅಂತ? ನಿಮ್ಮಪ್ಪ ಮೇಷ್ಟ್ರು. ಪುಸ್ತಕ ಒಂದಿನ ಮುಚ್ಚಿದ್ರೆ ಯಾರಿಗೂ ನಷ್ಟ ಇಲ್ಲ.” ಅತ್ತೆ ಧ್ವನಿ ಏರಿಸಿದರು. “ನಿಮ್ಮಾವ ಬೆಳಿಗ್ಗೆ ಐದು ಗಂಟೆಗೆ ಬಸ್ಸಿಗೆ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಆರಕ್ಕೆ ನಂಜನಗೂಡಿಗೆ ಹೊರಡೋರು. ಪೂಜೆ ಮಾಡಿದ್ದೀವಿ, ನಾಳೆ ಬನ್ನಿ ಅಂತ ಪ್ಯಾಸೆಂಜರ್‌ಗೆ ಹೇಳೋಕಾಗುತ್ತೇನೇ? ಓಡೋ ಬಂಡಿಗೆ ಪೂಜೆ ಮಾಡೋದೇ ಚೆನ್ನಾಗಿ ಓಡ್ಲಿ ಅಂತ. ತಗೊಂಡ್ ಹೊರಡು.”

ನಾನು ರೈಫಲ್ಲಿನ ಕಡೆ ಕೈ ಚಾಚಿದೆ. ಇನ್ನೊಂದು ಮಾತು ಹೇಳದೆ ಹೋಗುವುದು ಮೋಸ ಅನ್ನಿಸಿತು.

“ಅತ್ತೆ, ಅದ್ರ ಹಿಂದೆ ಚಪ್ಪಲಿ ಇದೆ. ಹವಾಯಿ ಚಪ್ಪಲಿ ಅಟ್ಟೆ.”

ಅತ್ತೆ ಬಗ್ಗಿ ನೋಡಿದರು. “ಹಾಕ್ಕೊಂಡಿದ್ದಾ, ಹೊಸದಾ?”

“ಹೊಸದು.”

“ಹಂಗಾದ್ರೆ ಅದು ರಬ್ಬರು” ಎಂದು ಅದಕ್ಕೂ ಒಂದು ಬೊಟ್ಟು ಇಟ್ಟರು. “ಕುಂಕುಮ ಮಾತ್ರ ಒರೆಸಬೇಡ. ನಾನೂ ಬರ್ತೀನಿ. ನಿಂಬೆಹಣ್ಣು ತಗೊಳೋ ಲಕ್ಷ್ಮೀಶ.”

ಕ್ಲಬ್ಬಿನಲ್ಲಿ ಆ ದಿನ ಐವತ್ತು ಜನರಿದ್ದರು. ನಾನು ರೈಫಲ್ ಮೇಜಿನ ಮೇಲಿಟ್ಟು ಬಿಚ್ಚಿ ತೋರಿಸಿದಾಗ ಸುತ್ತಲಿದ್ದವರು ಹತ್ತಿರ ಬಂದು ಬಗ್ಗಿ ನೋಡಿದರು. ತಪಾಸಣೆಯವನು ಕುಂಕುಮ ನೋಡಿ, ಇದು ಪೇಂಟಾ, ಒರೆಸಿಬಿಡಿ ಎಂದ. ಒರೆಸುವುದಿಲ್ಲ ಎಂದೆ. ಕೈಗೆ ಹತ್ತುತ್ತದಲ್ಲ ಎಂದ. ನನ್ನ ಕೈ, ನನ್ನ ಕುಂಕುಮ ಎಂದೆ. ಅವನು ಸೆಕ್ರೆಟರಿಯನ್ನು ಕರೆದ. ಸೆಕ್ರೆಟರಿ ಕನ್ನಡಕ ಹಾಕಿಕೊಂಡು ರೂಲ್ ಪುಸ್ತಕ ತಿರುವಿದ. ತೂಕದ ರೂಲ್ ಇತ್ತು, ಉದ್ದದ ರೂಲ್ ಇತ್ತು, ಕೆಂಪು ಬಣ್ಣದ ವಿಷಯ ಎಲ್ಲೂ ಇರಲಿಲ್ಲ. ಹಿಂದೆ ಯಾರೋ, ಸ್ಯಾಂಡ್‌ವಿಚ್‌ಗೆ ಬೆಣ್ಣೆ ಯಾರು ಹಚ್ಚುತ್ತಾರೆ ಇವತ್ತು ಎಂದು ನಕ್ಕರು. ನಿಮಗೂ ಕೈ ಇದೆಯಲ್ಲ ಎಂದೆ, ತಿರುಗಿ ನೋಡದೆ.

ನನ್ನ ಸರದಿ ಬಂತು. ಬೇಲಿಯಾಚೆ ನಿಂತಿದ್ದ ಅತ್ತೆ ನಿಂಬೆಹಣ್ಣು ಹಿಡಿದು ಚಿಂತೆಗೆ ಬಿದ್ದಿದ್ದರು. ಬಂಡಿಯಾದರೆ ಚಕ್ರದ ಕೆಳಗೆ ಇಡಬೇಕು. ಇದಕ್ಕೆ ಚಕ್ರವೆಲ್ಲಿ?

“ಭಾಗೀರಥಿ, ಬಾ ಇಲ್ಲಿ. ನೀನೇ ತುಳಿ” ಎಂದು ಹಣ್ಣನ್ನು ನನ್ನ ಕಾಲ ಬುಡಕ್ಕೆ ಹಾಕಿದರು. ಬಲಗಾಲಿನಲ್ಲಿ ತುಳಿದೆ. ಪಚಕ್ಕೆಂದಿತು. ಐವತ್ತು ಜನ ನೋಡಿದರು, ನೋಡಲಿ.

ಚಾಪೆಯ ಮೇಲೆ ಮಲಗಿದೆ. ಮೊದಲ ಐದು ಗುಂಡು ಹಾಳು. ಉಸಿರು ಹಿಡಿತಕ್ಕೆ ಬರುತ್ತಿರಲಿಲ್ಲ. ಪಕ್ಕದ ದುರ್ಬೀನಿನಲ್ಲಿ ನೋಡಿದರೆ ಏಳು, ಏಳು, ಆರು, ಎಂಟು, ಏಳು. ಬೆರಳು ಕುದುರೆಯಿಂದ ತೆಗೆದು ಕಣ್ಣು ಮುಚ್ಚಿದೆ. ಕೆನ್ನೆ ಮರದ ಮೇಲಿತ್ತು. ನಾನೇ ಕೆರೆದ ಮರ, ಯಾವ ಮೂಲೆ ಎಲ್ಲಿದೆ ಎಂದು ಗೊತ್ತಿದ್ದ ಮರ. ಇದರಲ್ಲಿ ಮಗುವಿನದು ಏನೂ ಇಲ್ಲ, ಗಂಡಸಿನದು ಏನೂ ಇಲ್ಲ ಎಂದುಕೊಂಡೆ. ಉಸಿರು ಇಳಿಯಿತು. ಆಮೇಲೆ ಹದಿನೈದು ಗುಂಡು ನಿಧಾನವಾಗಿ, ಒಂದೊಂದಾಗಿ ಹೊಡೆದೆ. ಮಣಿಕಟ್ಟು ಒಂದು ಸಲವೂ ನೋಯಲಿಲ್ಲ.

ಗುರಿಯ ಕಾಗದಗಳು ಬಂದವು, ಐದು ಗುಂಡಿಗೊಂದು. ಸೆಕ್ರೆಟರಿ ಮೊದಲ ಐದನ್ನು ಕೂಡಿದ, ಮೂವತ್ತೈದು. ಉಳಿದ ಹದಿನೈದನ್ನು ಭೂತಗನ್ನಡಿ ಹಿಡಿದು ಎರಡು ಸಲ ಕೂಡಿದ. ನೂರ ಮೂವತ್ತೇಳು. ಒಟ್ಟು ನೂರ ಎಪ್ಪತ್ತೆರಡು.

ಜಾಕೊಬ್ ಬೇಲಿಯಾಚೆಯಿಂದ ಕೊಂಕಣಿಯಲ್ಲಿ ಏನೋ ಕೂಗಿದರು. ನಾನು ಕಾಗದಗಳನ್ನು ಕೈಗೆ ತೆಗೆದುಕೊಂಡು ಇನ್ನೊಂದು ಸಲ ಕೂಡಿ ನೋಡಿದೆ.

ಸೆಕ್ರೆಟರಿ ಮೆಂಬರುಗಳ ದಪ್ಪ ಪುಸ್ತಕ ತೆರೆದು ನನ್ನ ಹೆಸರು ಬರೆದುಕೊಂಡ. ಪೊಲೀಸರ ಕಾಗದದಲ್ಲಿ ಕಬ್ಬಿಣದ ಕಂಪನಿ, ನಂಬರು ಎಲ್ಲ ಆಗಲೇ ಇತ್ತು. ಇದು ಕ್ಲಬ್ಬಿನ ಸ್ವಂತ ಪುಸ್ತಕ. ಅವನು ರೈಫಲ್ ಎತ್ತಿ, ಮರದ ಮೇಲೆ ಹೆಬ್ಬೆರಳು ಓಡಿಸಿ, ಮರ ಮತ್ತು ಕಬ್ಬಿಣ ಸೇರುವ ಕಡೆ ಉಗುರು ಸಿಕ್ಕಿಸಲು ನೋಡಿದ. ಉಗುರು ಹೋಗಲಿಲ್ಲ. ತಲೆದೂಗಿ, ನನ್ನನ್ನು ದಾಟಿ, ಬೇಲಿಯ ಹತ್ತಿರವಿದ್ದ ಲಕ್ಷ್ಮೀಶರ ಕಡೆ ನೋಡಿದ.

“ಬಹಳ ಚೆನ್ನಾಗಿ ಮಾಡಿದ್ದಾರೆ. ಎಂಜಿನಿಯರು ಅಂತ ಕೇಳಿದ್ದೆ. ಹಸ್ಬೆಂಡ್ ಮಾಡಿದ್ದು ತಾನೇ ಇದು?”

ಲಕ್ಷ್ಮೀಶರ ಮುಖದಲ್ಲಿ ಆ ನಗು ಬರಲು ಹೊರಟಿತ್ತು. ಇಪ್ಪತ್ತು ವರ್ಷ ನೋಡಿದ ನಗು, ನನಗೆ ಗೊತ್ತಿಲ್ಲವೇ? ನಾನು ಬಾಯಿ ತೆರೆಯುವಷ್ಟರಲ್ಲಿ ಬೇಲಿಯ ಬಾಗಿಲು ದಡಾರೆಂದಿತು. ಅತ್ತೆ ಸೀರೆ ನೆರಿಗೆ ಎತ್ತಿ ಹಿಡಿದು ನೆಟ್ಟಗೆ ಮೇಜಿನ ಹತ್ತಿರ ಬಂದರು. ಅಷ್ಟು ಇಂಗ್ಲಿಷಿನಲ್ಲಿ ಅವರಿಗೆ ಅರ್ಥವಾದದ್ದು ಒಂದೇ ಪದ.

“ನೋ ಹಸ್ಬೆಂಡ್!” ಎಂದರು ಮಗನ ಕಡೆ ಬೆರಳು ಮಾಡಿ. “ನೋ, ನೋ!” ಆಮೇಲೆ ನನ್ನ ಕುಂಕುಮ ಹತ್ತಿದ ಕೈ ಹಿಡಿದು ಮೇಜಿನ ಮೇಲೆ ಕುಟ್ಟಿದರು. “ಸೊಸೆ! ಸೊಸೆ!”

ಲಕ್ಷ್ಮೀಶ ನಗು ನುಂಗಿದರು. “ಹೌದು, ನಾನಲ್ಲ” ಎಂದು ಸಣ್ಣಗೆ ಅಂದರು. ಅಷ್ಟಾದರೂ ಅಂದರು.

ಸೆಕ್ರೆಟರಿ ಕಿವಿಗೆ ಕೈ ಹಚ್ಚಿಕೊಂಡು ಕೇಳಿ, ಪುಸ್ತಕದ ಕಡೆ ಬಗ್ಗಿದ. ಹೆಸರಿನ ಪಕ್ಕ ‘ಮೇಕ್’ ಎಂದು ಒಂದು ಕಾಲಂ ಇತ್ತು. ಮೇಲಿನ ಸಾಲುಗಳಲ್ಲೆಲ್ಲ ದೊಡ್ಡ ದೊಡ್ಡ ಕಂಪನಿಗಳ ಹೆಸರು. ಅವನು ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯುತ್ತಾ, “ಎಸ್, ಓ, ಎಸ್, ಇ. ಸರಿ ತಾನೇ?” ಎಂದ.

ಜಾಕೊಬ್ ತಿದ್ದಲು ಮುಂದೆ ಬಂದರು. ನಾನು ಕೈ ಅಡ್ಡ ಹಿಡಿದೆ.

“ಸರಿ” ಎಂದೆ.

“ಕೇಳಿಲ್ಲ ಈ ಹೆಸರು. ಇಟಲಿಯದಾ?”

“ಅಲ್ಲ,” ಎಂದೆ, “ಮೈಸೂರಿನದು.”

ಅವನು ಅದನ್ನೂ ಬರೆದುಕೊಂಡ.